ಖಾಲಿ ಎಂದಿದ್ದ ಡಬ್ಬಿ

ಜನವರಿ ೯

ಪ್ರೀತಿಯ ಅಕ್ಕನಿಗೆ,

ನಿನ್ನನ್ನು ನ್ಯಾಯಾಧೀಶರ ಕುರ್ಚಿಯಲ್ಲಿ ಕೂರಿಸಿ, ಕೈ ಕಟ್ಟಿ, ತಲೆ ತಗ್ಗಿಸಿ, ಈ ಮೂಲಕ ಒಪ್ಪಿಕೊಳ್ಳುವುದೇನೆಂದರೆ: ನಾನು ಕಳ್ಳ. ಕಳೆದ ವಾರ ನಿನ್ನ ಮನೆಯಿಂದ ಹೊರಟ ಬೆಳಿಗ್ಗೆ, ಅಂಗಡಿಯಿಂದ ತಂದು ಬಾಗಿಲ ಪಕ್ಕದ ಹಲಗೆಯ ಮೇಲೆ ನೀನು ಗುಡ್ಡೆ ಹಾಕಿದ್ದ ಕಂದು ಡಬ್ಬಿಗಳಲ್ಲಿ ಮೇಲಿನದೊಂದನ್ನು ಕೋಟಿನ ಜೇಬಿಗೆ ಇಳಿಸಿದೆ. ಕನ್ನ ಹಾಕಿದ್ದು ಕನ್ನಡಕಕ್ಕೂ ಅಲ್ಲ, ಬರೀ ಅದರ ಡಬ್ಬಿಗೆ. ವಂಶಕ್ಕೆ ಇದಕ್ಕಿಂತ ಸಣ್ಣ ಕಳಂಕ ತರಲು ನನ್ನ ಕೈಲಾಗಲಿಲ್ಲ. ಭಾವ ಆಗಲೇ ಬಂದರಿಗೆ ಹೊರಟುಹೋಗಿದ್ದರು, ನೀನು ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ಸಾಕ್ಷಿಗಳಿಲ್ಲ.

ಕದ್ದದ್ದು ವಿದ್ಯಾದಾನಕ್ಕೆ. ಆಫೀಸಿಗೆ ಹೊಸಬರು ಬಂದಿದ್ದಾರೆ. ಅವರಿಗೆ ಫಂಕ್ಷನಲ್ ಪ್ರೋಗ್ರಾಮಿಂಗ್ ಎಂಬ, ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಒಂದು ಶೈಲಿಯನ್ನು ಕಲಿಸುವ ಭಾರ ನನ್ನ ತಲೆಯ ಮೇಲೆ. ಅದರಲ್ಲಿ ನನಗೆ ಪ್ರಾಣವಾದ ಪಾಠ ‘ಆಪ್ಷನ್’, ಅಂದರೆ ಇದ್ದರೂ ಇರಬಹುದು, ಇಲ್ಲದಿದ್ದರೂ ಇಲ್ಲದಿರಬಹುದು ಎಂಬ ಮೌಲ್ಯ. ನಿನ್ನ ಡಬ್ಬಿ ನೋಡು: ಹೊರಗಿನಿಂದ ತುಂಬಿದ್ದೂ ಒಂದೇ, ಖಾಲಿಯೂ ಒಂದೇ. ಹಳೇ ಕಾಲದ ಪ್ರೋಗ್ರಾಂ ಒಳಗೆ ಕನ್ನಡಕ ಇದ್ದೇ ಇದೆ ಎಂದು ಕೈ ಹಾಕುತ್ತಿತ್ತು. ಇಲ್ಲದಿದ್ದರೆ ಅಲ್ಲೇ ಮೂರ್ಛೆ. ನಮ್ಮ ದಾರಿ ಬೇರೆ. ಡಬ್ಬಿ ಬಿಚ್ಚಬೇಡ, ಮಾಡಬೇಕಾದ ಕೆಲಸವನ್ನೇ ಡಬ್ಬಿಯೊಳಕ್ಕೆ ಕಳಿಸು. ‘ಒರೆಸು’ ಎಂದು ಹೇಳಿ ಕಳಿಸಿದೆ ಅನ್ನು. ಕನ್ನಡಕ ಇದ್ದರೆ ಒರೆಸಿಕೊಂಡು ಡಬ್ಬಿಯಲ್ಲೇ ಹೊರಬರುತ್ತದೆ, ಇಲ್ಲದಿದ್ದರೆ ಖಾಲಿ ಡಬ್ಬಿ ಖಾಲಿಯಾಗಿಯೇ ಮುಂದಕ್ಕೆ ಹೋಗುತ್ತದೆ, ಯಾರಿಗೂ ಮೂರ್ಛೆಯಿಲ್ಲ. ಕೊನೆಗೆ ಮನುಷ್ಯರ ಕಣ್ಣಿಗೆ ತೋರಿಸುವ ಜಾಗದಲ್ಲಿ ಮಾತ್ರ ತೆರೆದು, ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎಂದು ಎರಡನ್ನೂ ನೆಟ್ಟಗೆ ಹೇಳಬೇಕು. ಅಷ್ಟೇ ಶಾಸ್ತ್ರ.

ನಿನ್ನ ಡಬ್ಬಿಗೆ ಬಿಳಿ ಟೇಪು ಸುತ್ತಿ ‘ತೆರೆಯಬೇಡಿ’ ಎಂದು ಬರೆದು ಮೇಜಿನ ಮೇಲೆ ಇಟ್ಟಿದ್ದೇನೆ. ಒಳಗೇನಿದೆಯೆಂದು ನನಗೂ ಗೊತ್ತಿರಬಾರದು, ಪಾಠದ ಮಜಾ ಅದೇ.

ಭಾವನ ಹಡಗು ಎಲ್ಲಿದೆಯೆಂದು ನೀನು ದಿನಾ ಫೋನಿನಲ್ಲಿ ನೋಡುವ ಆ ನಕ್ಷೆಯ ಪುಟವನ್ನೂ ಇದೇ ಶೈಲಿಯಲ್ಲಿ ಹೊಸದಾಗಿ ಬರೆದವನು ನಾನು. ಹಡಗು ತಾನಿರುವ ಜಾಗವನ್ನು ಆಗಾಗ ರೇಡಿಯೋದಲ್ಲಿ ಕಳಿಸುತ್ತದೆ, ಕೆಲವೊಮ್ಮೆ ಕಳಿಸುವುದಿಲ್ಲ. ಮೊದಲು ಅಂಥ ಹೊತ್ತಿನಲ್ಲಿ ಪುಟವೇ ಕುಸಿದು ಬೀಳುತ್ತಿತ್ತು. ಈಗ ಬೀಳುವುದಿಲ್ಲ. ಎಲ್ಲರೂ ‘ಇಲ್ಲ’ ಎಂಬುದಕ್ಕೆ ಹೆದರುತ್ತಾರೆ ಅಕ್ಕಾ. ನಾನೊಬ್ಬ ಹೆದರುವುದಿಲ್ಲ. ಇಲ್ಲದ್ದನ್ನು ಇದೆ ಎಂದು ಈ ಜನ್ಮದಲ್ಲಿ ಯಾರಿಗೂ ಹೇಳಿದವನಲ್ಲ, ಹೇಳುವವನೂ ಅಲ್ಲ.

ಭಾವ ಇಲ್ಲದ ಮನೆ ಈಗ ಅಭಾವದ ಮನೆ ಅಲ್ಲವೇ? ನಗು. ಫೋನಿನಲ್ಲಿ ನಗಿಸಿ ಇಟ್ಟುಬಿಡ್ತೀಯ, ವಿಷಯ ಎಲ್ಲೋ ಬಿದ್ದುಹೋಗುತ್ತೆ, ಕಾಗದ ಬರೆ ಎಂದವಳು ನೀನೇ. ಅನುಭವಿಸು.

ನಿನ್ನ ಕಳ್ಳ ತಮ್ಮ


ಜನವರಿ ೨೦

ಮಾತಿನಮಲ್ಲನಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಅಂಗಡಿಯಲ್ಲಿ ಲೆನ್ಸು ಉಜ್ಜುತ್ತಾ ಓದಿದೆ. ನಗು ಬಂತು. ಎದುರಿಗಿದ್ದ ಗಿರಾಕಿ, ಗೋಡೆಯ ಮೇಲಿನ ಅಕ್ಷರ ತಪ್ಪು ಓದಿದ್ದಕ್ಕೆ ನಗುತ್ತಿದ್ದೇನೆಂದು ತಿಳಿದು ಮುಖ ಊದಿಸಿಕೊಂಡು ಹೋದರು. ಅವರ ನಷ್ಟ ನಿನ್ನ ಖಾತೆಗೆ.

ಪಾಠ ಅರ್ಧ ತಿಳಿಯಿತು. ನಮ್ಮಲ್ಲಿ ಶಾಸ್ತ್ರ ಇನ್ನೂ ಸುಲಭ. ಡಬ್ಬಿ ತೆರೆಯಬೇಕು. ಒಳಗಿರುವುದು ನೆಟ್ಟಗಿದ್ದರೆ ತಯಾರಾದದ್ದು, ತಲೆಕೆಳಗಾಗಿ ಮಲಗಿದ್ದರೆ ರಿಪೇರಿಗೆ ಬಂದದ್ದು. ಯಾರನ್ನೂ ಕೇಳಬೇಕಾಗಿಲ್ಲ. ಅಂಗಡಿಗೆ ಬಂದ ಹೊಸದರಲ್ಲಿ ನಿನ್ನ ಭಾವ ಇದನ್ನು ಕಲಿತು, ಮನೆಯಲ್ಲಿ ಗುಂಡಿ ಕಿತ್ತ ಅಂಗಿಯನ್ನೂ ತಲೆಕೆಳಗಾಗಿ ನೇತುಹಾಕಿ ನನ್ನ ಕಡೆ ನೋಡುತ್ತಿದ್ದರು.

ಅವರ ಕನ್ನಡಕ ನೋಡಿದೆಯಲ್ಲ, ಎಡಗಡೆ ಕಡ್ಡಿಗೆ ಇಂಜಿನ್ ಕೋಣೆಯ ತಾಮ್ರದ ತಂತಿ ಸುತ್ತಿಕೊಂಡು ತಿರುಗುತ್ತಾರೆ. ಕನ್ನಡಕದ ಅಂಗಡಿಯವಳ ಗಂಡ! ನಡೀತದೆ ಬಿಡು ಅಂತಾರೆ. ಅದು ತೆಗೆದರೆ ಎದುರಿಗೆ ಆನೆ ನಿಂತರೂ ಗೋಡೆ ಅನ್ನುವ ಮನುಷ್ಯ.

ಒಂದು ಕೆಲಸ ಮಾಡು. ಆ ಡಬ್ಬಿ ತೆರೆದು, ಒಳಗೆ ಏನಾದರೂ ಇದೆಯಾ ಇಲ್ಲವಾ ನೋಡಿ ಬರೆ. ಸುಮ್ಮನೆ. ಅಂಗಡಿಯ ಲೆಕ್ಕಕ್ಕೆ.

ನಕ್ಷೆಯಲ್ಲಿ ಅವರ ಹಡಗಿನ ಚುಕ್ಕೆ ಚೆನ್ನಾಗಿ ಚಲಿಸುತ್ತಿದೆ. ನಿನ್ನೆ ಆ ಉದ್ದನೆಯ ದ್ವೀಪ ದಾಟಿತು.

ಅಕ್ಕ


ಜನವರಿ ೨೯

ಅಕ್ಕಾ,

ಖಾಲಿ. ಅಪ್ಪಟ ಖಾಲಿ. ತಿಂಗಳ ಕೊನೆಯ ನನ್ನ ಜೇಬಿನಷ್ಟು ಖಾಲಿ. ನಿನ್ನ ಲೆಕ್ಕದಲ್ಲಿ ಡಬ್ಬಿಯೊಂದನ್ನು ಕಳೆದುಕೋ, ಕನ್ನಡಕವನ್ನಲ್ಲ. ತಮ್ಮನ ಮೇಲೆ ಇಷ್ಟೂ ನಂಬಿಕೆಯಿಲ್ಲದ ಅಕ್ಕ ನಮ್ಮ ವಂಶದಲ್ಲಿ ನೀನೇ ಮೊದಲು.

ಈ ವಾರದ ಪಾಠ ‘ಬದಲಿ ಮೌಲ್ಯ’. ಡಬ್ಬಿ ಖಾಲಿಯಿದ್ದರೆ ಇದನ್ನು ಕೊಡು ಎಂದು ಪ್ರೋಗ್ರಾಮಿಗೆ ಮೊದಲೇ ಹೇಳಿಡಬಹುದು. ಗಿರಾಕಿಯ ಹೆಸರು ಇಲ್ಲವೇ? ‘ಮಾನ್ಯರೇ’ ಎಂದು ಹಾಕು, ಯಾರಿಗೂ ನಷ್ಟವಿಲ್ಲ. ಆದರೆ ರೋಗಿಯ ಜ್ವರದ ಅಳತೆ ಇಲ್ಲವೇ? ‘ಜ್ವರವಿಲ್ಲ’ ಎಂದು ಹಾಕು ಎನ್ನುವ ಸೋಮಾರಿಗಳೂ ನಮ್ಮ ಕಸುಬಿನಲ್ಲಿದ್ದಾರೆ. ಅಳೆದಿಲ್ಲ ಎಂಬುದೇ ಬೇರೆ, ಜ್ವರವಿಲ್ಲ ಎಂಬುದೇ ಬೇರೆ. ಹೀಗೆ ಮಾಡುವವರನ್ನು ಪ್ರೋಗ್ರಾಮಿನಿಂದ ಮಾತ್ರವಲ್ಲ, ಪಂಕ್ತಿಯಿಂದಲೇ ಎಬ್ಬಿಸಬೇಕು ಎಂದು ಹೊಸಬರ ಮುಂದೆ ಮೇಜು ಗುದ್ದಿದೆ. ಡಬ್ಬಿ ಹಾರಿ ಬಿತ್ತು.

ಪಕ್ಕದ ಸೀಟಿನಾಕೆ ಎತ್ತಿಕೊಟ್ಟಳು. ನಾವು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದು ಅವಳ ಉದ್ಯೋಗ. ಯಾವುದಕ್ಕೂ ‘ಯಾಕೆ?’ ಅನ್ನುವುದರಿಂದ ಅವಳಿಗೆ ನಾವಿಟ್ಟ ಹೆಸರು ಯಾಕಮ್ಮ. ಬೆಳಿಗ್ಗೆ ನಮಸ್ಕಾರ ಹೇಳಿದರೂ ಯಾಕೆ ಅನ್ನುತ್ತಾಳೆ.

ಭಾವನಿಗೆ ತಂತಿ ಸಮೇತ ನನ್ನ ನಮಸ್ಕಾರ.

ತಮ್ಮ


ಫೆಬ್ರವರಿ ೧೪

ತಮ್ಮಾ,

ಚುಕ್ಕೆ ನಿಂತಿದೆ. ಕಳೆದ ವಾರದಿಂದ ಅದೇ ಜಾಗ, ದ್ವೀಪದ ಆಚೆ, ನೀರಿನ ನಡುವೆ. ಬಣ್ಣ ಮೊದಲಿನ ನೀಲಿಯೇ ಇದೆ. ಇಲ್ಲಿ ಮೂರು ರಾತ್ರಿ ಗಾಳಿ ಕಿಟಕಿಯ ಗಾಜು ಕಿತ್ತು ಹೋಗುವ ಹಾಗೆ ಬೀಸಿತು. ಅವರ ಫೋನು ಆ ನಡುನೀರಿನಲ್ಲಿ ಹೇಗೂ ಸಿಗುವುದಿಲ್ಲ.

ಹಡಗಿನ ಕಂಪನಿಗೆ ಫೋನ್ ಮಾಡಿದೆ. ಅಲ್ಲಿನವರು ತಾವೂ ಪುಟ ನೋಡಿ, “ಇದೆಯಲ್ಲಮ್ಮ, ಕಾಣ್ತಾ ಇದೆ, ಲಂಗರು ಹಾಕಿರ್ತಾರೆ” ಅಂದರು. ಅಷ್ಟು ಆಳದಲ್ಲಿ ಲಂಗರು ಹಾಕ್ತಾರಾ ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ನಿನ್ನ ಪುಟ ಸುಳ್ಳು ಹೇಳುವುದಿಲ್ಲ ಎಂದು ನೀನೇ ಬರೆದಿದ್ದೀಯಲ್ಲ. ಆ ಕಾಗದ ತೆಗೆದು ಮತ್ತೆ ಓದಿದೆ.

ಅಂಗಡಿ ಮುಚ್ಚುವ ಮೊದಲು ಒಂದು ಸಲ, ಎದ್ದ ಕೂಡಲೇ ಒಂದು ಸಲ ನೋಡುತ್ತೇನೆ. ನೋಡಿದರೆ ಸಮಾಧಾನ. ನೀನು ಒಂದು ಮಾತು ಬರೆ.

ಅಕ್ಕ


ಫೆಬ್ರವರಿ ೧೭

ಅಕ್ಕಾ,

ನಿನ್ನ ಕಾಗದ ಈಗ ಬಂತು. ನಾನೂ ಪುಟ ನೋಡಿದೆ, ಚುಕ್ಕೆ ನೀನು ಹೇಳಿದಲ್ಲೇ ಇದೆ. ಗಾಳಿ ಇಳಿಯಲಿ ಎಂದು ಕಾಯುತ್ತಿರಬಹುದು. ಸಮುದ್ರದ ಕೆಲಸ ನಮಗೆ ನಿಮಗೆ ತಿಳಿಯುವಂಥದ್ದಲ್ಲ. ಇಲ್ಲಿ ಒಂದೆರಡು ವಿಷಯ ವಿಚಾರಿಸಿ ಹೇಳುತ್ತೇನೆ.

ಊಟ ಬಿಡಬೇಡ. ನನಗೆ ಸ್ವಲ್ಪ ನೆಗಡಿ, ಅದಕ್ಕೇ ಚಿಕ್ಕ ಕಾಗದ.

ತಮ್ಮ


ಫೆಬ್ರವರಿ ೨೨

ಅಕ್ಕಾ,

ಮೊನ್ನೆ ಫೋನಿನಲ್ಲಿ ಹೇಳುವಾಗ ನೀನು ಮಧ್ಯದಲ್ಲೇ ಇಟ್ಟೆ. ಆಮೇಲೆ ಎತ್ತಲಿಲ್ಲ. ಮತ್ತೆ ಬರೆಯುತ್ತಿದ್ದೇನೆ, ಪೂರ್ತಿ ಓದು. ಬೈಯುವುದಕ್ಕಾದರೂ ಓದು.

ಆ ಚುಕ್ಕೆ ಹಡಗಲ್ಲ. ಹಡಗಿನಿಂದ ಸುದ್ದಿ ಬರುವುದು ಗಾಳಿಯ ಮೊದಲ ರಾತ್ರಿಯೇ ನಿಂತುಹೋಗಿದೆ. ಜಾಗದ ಡಬ್ಬಿ ಅಂದಿನಿಂದ ಖಾಲಿ. ಖಾಲಿಯಿದ್ದಾಗ ಪುಟ ಏನು ಮಾಡಬೇಕೆಂದು ಒಂದು ಸಾಲಿನಲ್ಲಿ ಬರೆದಿದೆ: ಜಾಗ ಗೊತ್ತಿಲ್ಲದಿದ್ದರೆ ಹಿಂದಿನ ಸಲ ಇದ್ದ ಜಾಗವನ್ನೇ ತೋರಿಸು. ನೀಲಿಯಲ್ಲೇ ತೋರಿಸು.

ಆ ಸಾಲು ಬರೆದವನು ನಾನು.

ಪುಟವನ್ನು ಮೇಲಿನವರಿಗೆ ಮೊದಲು ತೋರಿಸುವ ದಿನ ಯಾವುದೋ ಹಡಗಿನ ಜಾಗ ಬಂದಿರಲಿಲ್ಲ. ನಾನು ಮೊದಲು ಬರೆದಿದ್ದಂತೆ ಅಲ್ಲಿ ಬೂದು ಬಣ್ಣದಲ್ಲಿ ‘ಸುದ್ದಿಯಿಲ್ಲ’ ಎಂದು ಬಂತು. ದೊಡ್ಡವರೊಬ್ಬರು ಹುಬ್ಬೇರಿಸಿ, ನೋಡುವವರು ಗಾಬರಿಯಾಗುತ್ತಾರಲ್ಲ, ಏನಾದರೂ ಮಾಡಿ ಎಂದರು. ಊಟದ ಬಿಡುವಿನಲ್ಲಿ ಮಾಡಿದೆ. ಪಕ್ಕದಲ್ಲಿ ‘ಆಮೇಲೆ ತೆಗೆಯಬೇಕು’ ಎಂದು ನನಗೇ ಒಂದು ಸೂಚನೆ ಬರೆದುಕೊಂಡೆ. ಯಾಕಮ್ಮ ಆಗಲೇ “ಯಾಕೆ?” ಎಂದಿದ್ದಳು. ಸದ್ಯಕ್ಕೆ ಎಂದಿದ್ದೆ. ನಮ್ಮ ಕಸುಬಿನಲ್ಲಿ ಸದ್ಯ ಎನ್ನುವುದಕ್ಕೆ ಸಾವಿಲ್ಲ.

ನಿನ್ನ ಕಾಗದ ಬಂದ ದಿನವೇ ನನಗೆ ಅನುಮಾನ ಬಂದಿತ್ತು. ಅವತ್ತೇ ತೆರೆದು ನೋಡಬೇಕಿತ್ತು. ನೆಗಡಿ ಎಂದು ಬರೆದೆ. ಎರಡು ದಿನ ಆ ಸಾಲಿನ ಹತ್ತಿರ ಹೋಗಲಿಲ್ಲ.

ಕಂಪನಿಯವರೂ ಅದೇ ಚುಕ್ಕೆ ನೋಡಿಕೊಂಡು ಸುಮ್ಮನಿದ್ದರು. ಹುಡುಕಾಟ ಈಗ ಶುರುವಾಗಿದೆ. ಸಮುದ್ರ ಬಲ್ಲವರನ್ನು ಕೇಳಿದೆ. ಮೊದಲ ರಾತ್ರಿಯೇ ಆಗಬೇಕಾದದ್ದು ಆಗಿಹೋಗಿರಬಹುದು, ಬೇಗ ಹೊರಟಿದ್ದರೂ ವ್ಯತ್ಯಾಸವಾಗುತ್ತಿರಲಿಲ್ಲ ಎನ್ನುತ್ತಾರೆ. ಅದನ್ನು ನನಗಾಗಿ ಹೇಳುತ್ತಾರೋ, ನಿಜಕ್ಕಾಗಿ ಹೇಳುತ್ತಾರೋ ಗೊತ್ತಿಲ್ಲ.

ಸಾಲು ತೆಗೆದಿದ್ದೇನೆ. ಈಗ ಪುಟದಲ್ಲಿ ಭಾವನ ಹಡಗಿನ ಹೆಸರಿನ ಮುಂದೆ ‘ಸುದ್ದಿಯಿಲ್ಲ’ ಎಂದು ಬರುತ್ತದೆ. ನೀನು ನೋಡಿರುತ್ತೀಯ.

ನಾನು ಬರಲಾ ಅಕ್ಕಾ?

ತಮ್ಮ


ಮಾರ್ಚ್ ೧೫

ತಮ್ಮನಿಗೆ,

ಬರಬೇಡ ಎಂದು ಫೋನಿನಲ್ಲಿ ಅತ್ತೆಯವರಿಂದ ಹೇಳಿಸಿದ್ದು ನಾನೇ. ಉತ್ತರ ಬರೆಯಬಾರದು ಅಂತಲೂ ಇದ್ದೆ. ಬರೆಯದೆ ಇದ್ದರೆ ನೀನೇ ಏನಾದರೂ ಒಂದು ಉತ್ತರ ಊಹಿಸಿಕೊಳ್ಳುತ್ತೀಯ, ಆ ಅಭ್ಯಾಸ ನಿನಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಹಡಗಿನ ಕೆಲವು ಹಲಗೆಗಳು ಸಿಕ್ಕಿವೆ. ಒಂದು ದೋಣಿಯೂ ಸಿಕ್ಕಿದೆ, ಮಗುಚಿಕೊಂಡಿತ್ತಂತೆ, ಅದರಲ್ಲಿ ಯಾರೂ ಇರಲಿಲ್ಲ. ಹುಡುಕಾಟ ನಿಲ್ಲಿಸಿದ್ದಾರೆ. ಕಂಪನಿಯಿಂದ ಒಬ್ಬರು ಮನೆಗೆ ಬಂದಿದ್ದರು. ಕುರ್ಚಿಯ ತುದಿಯಲ್ಲಿ ಕೂತು, ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತಾ, ಆಶೆ ಬಿಡಬಾರದು, ಯಾವುದಾದರೂ ಹಡಗು ಎತ್ತಿಕೊಂಡಿದ್ದರೂ ಎತ್ತಿಕೊಂಡಿರಬಹುದು ಎಂದರು. ನಾನು ಕೇಳಿದೆ.

“ನಿಮಗೇನು ಅನ್ಸುತ್ತೆ, ಇದ್ದಾರಾ?”

“ಹೇಗೆ ಹೇಳ್ಲಿ ಅಮ್ಮ.”

“ಇಲ್ಲ ಅಂತ ಹೇಳಿ. ನನಗೆ ಯಾರಾದ್ರೂ ಒಬ್ರು ಹೇಳ್ಬೇಕು.”

ಅವರು ನೀರು ಕೇಳಿ ಕುಡಿದು ಹೋದರು.

ಅತ್ತೆ ಇನ್ನೂ ದಿನಾ ಮಗನ ತಟ್ಟೆ ಒರೆಸಿ ಇಡುತ್ತಾರೆ.

ನಿನ್ನ ಮೇಲಿನ ಕೋಪ ಹಡಗಿಗಾಗಿ ಅಲ್ಲ. ನೀನು ಹಡಗು ಮುಳುಗಿಸಲಿಲ್ಲ. ಹಾಗೆಂದು ನನಗೂ ಹೇಳಿದ್ದಾರೆ, ನಂಬಿದ್ದೇನೆ. ಕೋಪ ಬೇರೆಯದಕ್ಕೆ. ಆ ದಿನಗಳಲ್ಲಿ ಅಂಗಡಿ ಬಾಗಿಲು ಎಳೆದು, ಒಬ್ಬಳೇ ಕೂತು, ಆ ಚುಕ್ಕೆಯ ಹತ್ತಿರ ಮಾತಾಡಿದ್ದೆ. ಹೊರಡುವ ಹಿಂದಿನ ದಿನ ನಮಗೆ ಜಗಳ ಆಗಿತ್ತು. ಇದೇ ಕೊನೇ ಸಲ ಎಂದು ಹೋದ ವರ್ಷ ಮಾತು ಕೊಟ್ಟವರು ಮತ್ತೆ ಹೊರಟಿದ್ದರು. ಇಂಜಿನ್ ನಿಮಗೆ ಹೆಂಡತಿ, ನಾನು ಬಾಡಿಗೆ ಮನೆ ಎಂದಿದ್ದೆ. ಅವರು ಊಟ ಬಿಟ್ಟು ಎದ್ದರು. ನೀನು ಒಳಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದೆ. ಅದಕ್ಕೆ ತಪ್ಪಾಯಿತು ಎಂದು ನಾನು ಹೇಳಿದ್ದು ನಿನ್ನ ಚುಕ್ಕೆಗೆ. ಕೇಳಿಸಿಕೊಂಡರು ಅಂದುಕೊಂಡಿದ್ದೆ. ಅಲ್ಲಿ ಯಾರೂ ಇರಲಿಲ್ಲ.

ಡಬ್ಬಿಯ ವಿಷಯ ಸುಮ್ಮನೆ ಕೇಳಿರಲಿಲ್ಲ. ಲೆಕ್ಕಕ್ಕೂ ಅಲ್ಲ. ಅವರಿಗೆಂದು ಹೊಸ ಕನ್ನಡಕ ಮಾಡಿದ್ದೆ, ಲೆನ್ಸು ನಾನೇ ಉಜ್ಜಿದ್ದು. ಜಗಳದಲ್ಲಿ ಕೊಡಲಿಲ್ಲ. ಅವರು ಮಲಗಿದ ಮೇಲೆ ಎದ್ದು ಹೋಗಿ, ನೀಲಿ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಬಾಗಿಲ ಹಲಗೆಯ ಮೇಲೆ ಆ ಗುಡ್ಡೆಯ ತುದಿಗೆ ಇಟ್ಟೆ. ಕಂಡರೆ ತಗೊಳ್ಳಲಿ, ನಾನು ಬಾಯಿಬಿಟ್ಟು ಹೇಳೋದಿಲ್ಲ ಅಂತ ಹಟ. ಬೆಳಿಗ್ಗೆ ಎಚ್ಚರವಾಗಿಯೇ ಇದ್ದೆ. ಬಾಗಿಲ ಹತ್ತಿರ ಬಹಳ ಹೊತ್ತು ನಿಂತಿದ್ದರು. ತಿರುಗಿ ನೋಡಲಿಲ್ಲ ನಾನು. ಬರ್ತೀನಿ ಅನ್ನದೆ ಹೋದರು.

ಎದ್ದು ನೋಡಿದರೆ ಆ ಡಬ್ಬಿ ಇರಲಿಲ್ಲ. ಆಮೇಲೆ ನಿನ್ನ ಕಳ್ಳತನದ ಕಾಗದ ಬಂತು. ಅದಕ್ಕೇ ತೆರೆದು ನೋಡಿ ಬರೆ ಎಂದೆ. ನೀನು ತೆರೆದು ನೋಡಿ ಖಾಲಿ ಎಂದು ಬರೆದೆ. ಅಂದರೆ ಅವರೇ ತೆಗೆದುಕೊಂಡರು. ಕೋಪ ಬಿಟ್ಟೇ ಹೋದರು. ಅಷ್ಟು ಸಾಕು ನನಗೆ. ಈಗ ನಾನು ಮಲಗಿ ಏಳುತ್ತಿರುವುದು ನಿನ್ನ ಆ ಒಂದು ಮಾತಿನ ಮೇಲೆ. ಅದಕ್ಕೇ ನಿನ್ನ ಉಳಿದದ್ದನ್ನೆಲ್ಲ ಕ್ಷಮಿಸಲು ನೋಡುತ್ತಿದ್ದೇನೆ.

ಇನ್ನು ಮೇಲೆ ನನಗೆ ಇಲ್ಲದ್ದನ್ನು ಇಲ್ಲ ಎಂದೇ ಬರೆ. ಬದಲಿ ಏನೂ ಕೊಡಬೇಡ.

ಅಕ್ಕ


ಮಾರ್ಚ್ ೨೧

ಅಕ್ಕಾ,

ಈ ಕಾಗದದ ಜೊತೆ ಒಂದು ಪೊಟ್ಟಣವಿದೆ. ಅದನ್ನು ಆಮೇಲೆ ಬಿಚ್ಚು, ಮೊದಲು ಇದನ್ನು ಓದು.

ನಾನು ಆ ಡಬ್ಬಿ ತೆರೆದಿರಲಿಲ್ಲ. ಜನವರಿಯಲ್ಲಿ ನೀನು ಕೇಳಿದಾಗ ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದೆ. ಸದ್ದಾಗಲಿಲ್ಲ. ಟೇಪು ಕಿತ್ತರೆ ಪಾಠದ ಚೆಂದ ಕೆಡುತ್ತದೆಂದು, ಖಾಲಿ, ಅಪ್ಪಟ ಖಾಲಿ ಎಂದು ಬರೆದೆ. ಬಟ್ಟೆ ಸುತ್ತಿದ ಕನ್ನಡಕ ಸದ್ದು ಮಾಡುವುದಿಲ್ಲವೆಂದು ಕನ್ನಡಕದ ಅಂಗಡಿಯವಳ ತಮ್ಮನಿಗೆ ತಿಳಿದಿರಬೇಕಿತ್ತು. ನೋಡದೆ ಕೊಟ್ಟ ಉತ್ತರ ಅದು. ಆ ನೀಲಿ ಚುಕ್ಕೆ ಯಾವ ಜಾತಿಯೋ ಅದೂ ಅದೇ ಜಾತಿ. ಅದೇ ಕಾಗದದ ಮುಂದಿನ ಸಾಲಿನಲ್ಲಿ ಸೋಮಾರಿಗಳನ್ನು ಪಂಕ್ತಿಯಿಂದ ಎಬ್ಬಿಸಿದವನು ನಾನು.

ನಿನ್ನ ಈ ಸಲದ ಕಾಗದ ಬಂದ ದಿನ ಡಬ್ಬಿ ಎದುರಿಗೇ ಇತ್ತು. ಅದರ ಮೇಲೆ ಟೋಪಿ ಮುಚ್ಚಿದೆ. ತುಂಬಿದ್ದರೆ ಭಾವ ಅದನ್ನು ಮುಟ್ಟಲಿಲ್ಲ, ಕಾಣದೆಯೋ ಕೋಪದಿಂದಲೋ ಬಿಟ್ಟು ಹೋದರು ಎಂದಾಗುತ್ತದೆ, ನಿನ್ನ ಉಳಿದ ನಿದ್ರೆಯನ್ನೂ ನಾನೇ ಕದ್ದಂತಾಗುತ್ತದೆ. ಇದನ್ನು ಹಾಗೇ ಸಮುದ್ರಕ್ಕೆ ಎಸೆದುಬಿಟ್ಟರೆ ನನ್ನ ‘ಖಾಲಿ’ ಶಾಶ್ವತವಾಗಿ ನಿಜವಾಗಿ ಉಳಿಯುತ್ತದಲ್ಲ ಎಂದೂ ಯೋಚಿಸಿದೆ. ಇಲ್ಲಿನ ಬಂದರಿನ ಕಟ್ಟೆಯವರೆಗೆ ನಡೆದುಕೊಂಡೂ ಹೋದೆ. ಎಸೆಯಲು ಕೈ ಎತ್ತಿದಾಗ ನಿನ್ನ ಕೊನೆಯ ಸಾಲು ನೆನಪಾಯಿತು. ವಾಪಸು ತಂದೆ.

ಡಬ್ಬಿ ಖಾಲಿಯಲ್ಲ ಅಕ್ಕಾ. ನೀಲಿ ಬಟ್ಟೆಯೂ ಇದೆ. ಆದರೆ ಅದರಲ್ಲಿ ಸುತ್ತಿರುವುದು ನೀನು ಮಾಡಿದ ಹೊಸ ಕನ್ನಡಕವಲ್ಲ. ಎಡಗಡೆ ಕಡ್ಡಿಗೆ ತಾಮ್ರದ ತಂತಿ ಸುತ್ತಿದ ಹಳೆಯದು. ಹೊಸದನ್ನು ಭಾವ ಹಾಕಿಕೊಂಡು ಹೋಗಿದ್ದಾರೆ. ಬಾಗಿಲ ಹತ್ತಿರ ಬಹಳ ಹೊತ್ತು ನಿಂತು ಅವರು ಮಾಡಿದ ಕೆಲಸ ಅದು. ಹಳೆಯದನ್ನು ತಿರುಗಿ ನಿನ್ನ ಬಟ್ಟೆಯಲ್ಲೇ ಸುತ್ತಿ, ನಿನಗೆ ಮೊದಲು ಕಾಣಲೆಂದು ಗುಡ್ಡೆಯ ತುದಿಯಲ್ಲೇ ಇಟ್ಟು ಹೋಗಿದ್ದಾರೆ. ಆಮೇಲೆ ನಾನು ಎದ್ದು ಬಂದೆ. ನಿನ್ನ ಹೆಸರಿಗೆ ಬಂದಿದ್ದ ಉತ್ತರವನ್ನು ಜೇಬಿಗೆ ಹಾಕಿಕೊಂಡು, ಟೇಪು ಸುತ್ತಿ, ಇಷ್ಟು ದಿನ ಹೊಸಬರ ಮುಂದೆ ಅಲ್ಲಾಡಿಸಿ ಚಪ್ಪಾಳೆ ಗಿಟ್ಟಿಸಿದೆ. ನಾನು ಕದಿಯದಿದ್ದರೆ ಅವತ್ತು ಬೆಳಿಗ್ಗೆಯೇ ನೀನು ಅದನ್ನು ತೆರೆಯುತ್ತಿದ್ದೆ. ಆ ಚುಕ್ಕೆಗೆ ಏನೂ ಹೇಳಬೇಕಾಗಿರಲಿಲ್ಲ.

ನನ್ನ ಸುಳ್ಳು ಆಕಸ್ಮಿಕವಾಗಿ ನಿನ್ನನ್ನು ನಿಜದ ಹತ್ತಿರವೇ ಮುಟ್ಟಿಸಿತ್ತು ಎಂದು ಬೆನ್ನು ತಟ್ಟಿಕೊಳ್ಳಲಾರೆ. ತಪ್ಪು ಲೆಕ್ಕಕ್ಕೆ ಸರಿ ಉತ್ತರ ಬಂದರೆ ನಾನೇ ಹೊಸಬರಿಗೆ ಸೊನ್ನೆ ಕೊಡುತ್ತೇನೆ. ಭಾವ, ಅಭಾವ ಎಂದು ನಗಿಸಲು ನೋಡಿದ್ದನ್ನೂ ಮರೆತುಬಿಡು ಎನ್ನುವುದಿಲ್ಲ. ಬೈಯುವಾಗ ಅದನ್ನೂ ಸೇರಿಸಿಕೋ.

ಇನ್ನೊಂದಿದೆ. ಇದನ್ನು ಬರೆಯದೆ ಮುಗಿಸೋಣ ಎಂದಿದ್ದೆ, ನಿನಗೆ ಬೇಕಾದ ಭಾಗ ಇದರಲ್ಲೇ ಇದೆ.

ಟೇಪು ಕಿತ್ತದ್ದು ನಾನಲ್ಲ. ಇಲ್ಲ ಎಂಬುದಕ್ಕೆ ಎಲ್ಲರೂ ಹೆದರುತ್ತಾರೆ, ನಾನೊಬ್ಬ ಹೆದರುವುದಿಲ್ಲ ಎಂದು ಬರೆದಿದ್ದೆನಲ್ಲ, ಆ ಶೂರ ಡಬ್ಬಿಯನ್ನು ಯಾಕಮ್ಮನ ಮೇಜಿನ ಮೇಲಿಟ್ಟು, ನೀನೇ ತೆರೆ, ತುಂಬಿದ್ದರೆ ನನಗೆ ಹೇಳಬೇಡ ಎಂದು ಹೇಳಿ ಹೊರಗೆ ಓಡಿದ. ಮೊದಲ ಸಲ ಅವಳು ಯಾಕೆ ಎನ್ನಲಿಲ್ಲ. ನಾನು ಮೆಟ್ಟಿಲ ಮೇಲೆ, ನೆಲ ಒರೆಸುವ ಬಕೆಟ್ಟಿನ ಪಕ್ಕದಲ್ಲಿ, ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದೆ. ಅಷ್ಟು ಗಟ್ಟಿಯಾಗಿ ಮುಚ್ಚಿದ್ದೆನೆಂದರೆ ಅವಳು ಹಿಂದಿನಿಂದ ಬಂದು ಎರಡು ಸಲ ಕರೆದರೂ ಕೇಳಿಸಲಿಲ್ಲ. ಕೊನೆಗೆ ನನ್ನ ಕೈ ಹಿಡಿದು ಕಿವಿಯಿಂದ ತೆಗೆದು, ತೆರೆದು ಬಟ್ಟೆ ಬಿಡಿಸಿದ ಡಬ್ಬಿಯನ್ನು ಮೊಣಕಾಲ ಮೇಲಿಟ್ಟು, ಮೆಲ್ಲಗೆ ಕೇಳಿದಳು.

“ಇದನ್ನ ಯಾಕೆ ತಲೆಕೆಳಗಾಗಿ ಇಟ್ಟಿದ್ದಾರೆ?”

ಡಬ್ಬಿಯೊಳಗಿನದರ ಬಗ್ಗೆ ನೀನು ಬರೆದಿದ್ದ ಅಂಗಡಿಯ ಶಾಸ್ತ್ರ ನೆನಪಾಯಿತು. ಗೊತ್ತಿಲ್ಲ ಎಂದೆ. ಅದೂ ಸುಳ್ಳು.

ತಮ್ಮ